ಹಿನ್ನೆಲೆ ಎಷ್ಟು ಮಸುಕಾಗಬೇಕು? ಡೆಪ್ತ್ ಆಫ್ ಫೀಲ್ಡ್‌ಗೆ ಲೆನ್ಸ್ ಆರಿಸುವ ಬಗೆ

ಕ್ಯಾಮೆರಾ ಕೊಂಡು ಕೆಲವು ತಿಂಗಳು ಕಳೆದ ಮೇಲೆ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ: "ಹಿನ್ನೆಲೆ ಚೆನ್ನಾಗಿ ಮಸುಕಾಗಬೇಕು, ಯಾವ ಲೆನ್ಸ್ ತೆಗೆದುಕೊಳ್ಳಲಿ?" ಅಂಗಡಿಯವರು, ಗೆಳೆಯರು ಎಲ್ಲರೂ ಕೊಡುವ ಉತ್ತರ 50 ಮಿ.ಮೀ. ಎಫ್/1.8. (50 ಮಿ.ಮೀ. ಎಂಬುದು ಫೋಕಲ್ ಲೆಂಗ್ತ್; ಮುಂದೆ 'ಲೆನ್ಸಿನ ಉದ್ದ' ಎನ್ನುವುದು ಅದನ್ನೇ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಹೆಚ್ಚು ತೆರೆದಿರುತ್ತದೆ.) ಅಗ್ಗ, ಹಗುರ, ಮಂದ ಬೆಳಕಿನಲ್ಲೂ ಕೆಲಸ ನಡೆಯುತ್ತದೆ. ಉತ್ತರ ತಪ್ಪೇನಲ್ಲ. ಆದರೆ ಕೇಳಿದವರು ಯಾರನ್ನು, ಎಲ್ಲಿ, ಏನನ್ನು ಹಿಂದಿಟ್ಟುಕೊಂಡು ತೆಗೆಯುತ್ತಾರೆ ಎಂದು ವಿಚಾರಿಸದೆ ಕೊಟ್ಟ ಉತ್ತರ ಅದು. ಕೆಲವರ ಚೀಲದಲ್ಲಿ ಆಗಲೇ ಇರುವ 55-250 ಜೂಮ್ ಲೆನ್ಸ್ ಅವರಿಗೆ ಬೇಕಾದ ಮಸುಕನ್ನು 50ಕ್ಕಿಂತ ಧಾರಾಳವಾಗಿ ಕೊಡಬಲ್ಲದು. ಇನ್ನು ಕೆಲವರ ಚಿತ್ರಕ್ಕೆ ಮಸುಕೇ ಬೇಕಿಲ್ಲ; ಅಪರ್ಚರ್ ಮುಚ್ಚುವ ಧೈರ್ಯ ಬೇಕು, ಅಷ್ಟೆ.

ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರ್‌ನ ಕ್ಯಾಮೆರಾ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್ ಇಟ್ಟುಕೊಂಡು ಮುಂದೇನು ಎಂದು ಯೋಚಿಸುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಳಗಿನ ಲೆಕ್ಕಗಳೆಲ್ಲ ಆ ಸೆನ್ಸರ್‌ನವು. ಅದಕ್ಕಿಂತ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ ಇರುವವರು ಅಷ್ಟೇ ಅಗಲದ ದೃಶ್ಯ ಕೊಡುವ ಲೆನ್ಸ್ ಹಾಕಿ, ಅಪರ್ಚರನ್ನು ಒಂದು ಸ್ಟಾಪ್‌ಗಿಂತ (ಬೆಳಕು ಅರ್ಧಕ್ಕೆ ಇಳಿಯುವ ಒಂದು ಹಂತ) ತುಸು ಹೆಚ್ಚು ಮುಚ್ಚಿದರೆ ಇದೇ ಫಲ ಸಿಗುತ್ತದೆ.

ಸ್ಫುಟ ಬೇರೆ, ಮಸುಕು ಬೇರೆ

ಫೋಕಸ್ ಮಾಡಿದ ಜಾಗದ ಹಿಂದೆ ಮುಂದೆ ನಮ್ಮ ಕಣ್ಣಿಗೆ ಸ್ಫುಟವೆನಿಸುವಷ್ಟು ಆಳವೇ ಡೆಪ್ತ್ ಆಫ್ ಫೀಲ್ಡ್. ಅದರಾಚೆ ಇರುವುದು ಎಷ್ಟು ದೊಡ್ಡದಾಗಿ ಹರಡಿಕೊಳ್ಳುತ್ತದೆ ಎಂಬುದು ಇನ್ನೊಂದು ವಿಷಯ. ಇವೆರಡನ್ನೂ ಒಂದೇ ಎಂದುಕೊಂಡರೆ ಲೆನ್ಸ್ ಆಯ್ಕೆ ಅಲ್ಲೇ ದಾರಿ ತಪ್ಪುತ್ತದೆ.

ಒಬ್ಬರ ತಲೆ ಮತ್ತು ಭುಜ ಚೌಕಟ್ಟನ್ನು ತುಂಬುವ ಹಾಗೆ, ಅಂದರೆ ಸುಮಾರು 70 ಸೆಂ.ಮೀ. ಎತ್ತರದಷ್ಟನ್ನು ನಿಲುವಾಗಿ ಹಿಡಿದು ತೆಗೆಯುತ್ತೀರಿ ಎಂದುಕೊಳ್ಳಿ. 50 ಮಿ.ಮೀ. ಲೆನ್ಸ್ ಆದರೆ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು, 85 ಆದರೆ ಎರಡೂವರೆ ಮೀಟರ್, 250 ಆದರೆ ಏಳೂವರೆ ಮೀಟರ್. 50ರಲ್ಲಿ ಎಫ್/1.8 ಇಟ್ಟರೆ ಸ್ಫುಟವಾಗಿ ಸಿಗುವ ಆಳ ಸುಮಾರು 7 ಸೆಂ.ಮೀ. 85ರಲ್ಲಿ ಎಫ್/1.8 ಇಟ್ಟರೂ ಅದೇ 7 ಸೆಂ.ಮೀ. ಚೌಕಟ್ಟಿನಲ್ಲಿ ಮುಖದ ಗಾತ್ರ ಒಂದೇ ಇರುವ ತನಕ, ಸ್ಫುಟದ ಆಳವನ್ನು ನಿರ್ಧರಿಸುವುದು ಎಫ್ ಸಂಖ್ಯೆಯೇ ಹೊರತು ಲೆನ್ಸಿನ ಉದ್ದವಲ್ಲ. 250ರಲ್ಲಿ ಎಫ್/5.6 ಇಟ್ಟರೆ ಆಳ 21 ಸೆಂ.ಮೀ.ಗೆ ಏರುತ್ತದೆ. ಮೂಗಿನ ತುದಿಯಿಂದ ಕಿವಿಯವರೆಗೆ ಎಲ್ಲವೂ ಸ್ಫುಟ.

ಹಾಗಾದರೆ 250ರ ಹಿನ್ನೆಲೆ ಕಡಿಮೆ ಮಸುಕಾಗಿರಬೇಕಲ್ಲವೇ? ದೂರದ ಹಿನ್ನೆಲೆಯ ಮಟ್ಟಿಗೆ ಉಲ್ಟಾ. ಲೆನ್ಸಿನ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಅಪರ್ಚರ್ ರಂಧ್ರದ ವ್ಯಾಸ ಸಿಗುತ್ತದೆ. ಬಹಳ ದೂರದ ಬೀದಿದೀಪವೊಂದು ಚಿತ್ರದಲ್ಲಿ ಬಿಲ್ಲೆಯಾಗಿ ಅರಳಿದಾಗ, ಆ ಬಿಲ್ಲೆ ಮುಖದ ಪಕ್ಕದಲ್ಲಿ ಹಿಡಿದ ಅಷ್ಟೇ ವ್ಯಾಸದ ವಸ್ತುವಿನಂತೆ ಕಾಣುತ್ತದೆ. 50 ಎಫ್/1.8ರ ರಂಧ್ರ 28 ಮಿ.ಮೀ., ಹೆಚ್ಚುಕಡಿಮೆ ಹತ್ತು ರೂಪಾಯಿ ನಾಣ್ಯದಷ್ಟು. 85 ಎಫ್/1.8ರದ್ದು 47. 250 ಎಫ್/5.6ರದ್ದು ಸುಮಾರು 45. ನಿಮ್ಮ ಕಿಟ್ ಲೆನ್ಸನ್ನು 55ಕ್ಕೆ ಎಳೆದು ಎಫ್/5.6ರಲ್ಲಿ ತೆಗೆದರೆ ಬರೀ 10 ಮಿ.ಮೀ. ಮೊಬೈಲಿನ ಮುಖ್ಯ ಲೆನ್ಸಿನ ಉದ್ದ ಏಳು ಮಿ.ಮೀ. ಆಸುಪಾಸು, ಹಾಗಾಗಿ ಅದರ ರಂಧ್ರ 4 ಮಿ.ಮೀ. ದಾಟುವುದು ಕಷ್ಟ. ಮೊಬೈಲಿನ ಮೇಲೆ ಎಫ್/1.8 ಎಂದು ಬರೆದಿದ್ದರೂ ಹಿನ್ನೆಲೆ ತಾನಾಗಿ ಏಕೆ ಕರಗುವುದಿಲ್ಲ ಎಂಬುದಕ್ಕೆ ಈ ಒಂದು ಭಾಗಾಕಾರ ಸಾಕು.

ಇದರಿಂದಲೇ 250 ಗೆದ್ದಿತು ಎಂದುಕೊಳ್ಳುವಂತಿಲ್ಲ, ಹಿನ್ನೆಲೆ ಎಷ್ಟು ದೂರದಲ್ಲಿದೆ ಎಂಬುದು ಬಾಕಿ ಇದೆ. ವ್ಯಕ್ತಿಯ ಹಿಂದೆ ಒಂದೇ ಮೀಟರ್‌ಗೆ ಗೋಡೆ ಇದ್ದರೆ ಅದೇ ತಲೆ-ಭುಜದ ಚಿತ್ರದಲ್ಲಿ, ಮುಖದ ಪಕ್ಕ ಹಿಡಿದ ವಸ್ತುವಿನ ಅದೇ ಅಳತೆಯಲ್ಲಿ, 50 ಎಫ್/1.8ರ ಮಸುಕು 11 ಮಿ.ಮೀ., 250 ಎಫ್/5.6ರದ್ದು 5 ಮಿ.ಮೀ. ಅಲ್ಲಿ 50ಕ್ಕೇ ಮೇಲುಗೈ. ಹಿನ್ನೆಲೆಯನ್ನು ಹಿಂದಕ್ಕೆ ಸರಿಸುತ್ತಾ ಹೋದಂತೆ ಅಂತರ ಕಡಿಮೆಯಾಗಿ, ಸುಮಾರು ಒಂಬತ್ತು ಮೀಟರ್‌ನಲ್ಲಿ ಎರಡೂ ಸಮವಾಗುತ್ತವೆ. ಅದರಾಚೆ ಉದ್ದ ಲೆನ್ಸಿನದ್ದೇ ರಾಜ್ಯ. ತೋಟ, ಗದ್ದೆ ಬಯಲು, ಕೆರೆ ಏರಿ, ಉದ್ದನೆಯ ರಥಬೀದಿ ಇವೆಲ್ಲ ಉದ್ದ ಲೆನ್ಸಿನ ಜಾಗಗಳು. ಪಡಸಾಲೆ, ಅಡುಗೆಮನೆ, ಛತ್ರದ ಕೋಣೆ, ಹೋಟೆಲಿನ ಮೇಜು ಇವು 50ರ ಜಾಗಗಳು, ಇನ್ನೂ ಇಕ್ಕಟ್ಟಾದರೆ 35 ಎಫ್/1.8ರವು. ನಿಮ್ಮ ಹತ್ತು ಚಿತ್ರಗಳಲ್ಲಿ ಏಳು ಮನೆಯೊಳಗಿನವಾದರೆ 50 ಕೊಳ್ಳಿ. ಏಳು ಬಯಲಿನವಾಗಿದ್ದು, 55-250 ಆಗಲೇ ಚೀಲದಲ್ಲಿದ್ದರೆ ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಇರುವ ಜೂಮನ್ನು ಪೂರ್ತಿ ಎಳೆದು, ಜನರನ್ನು ಗೋಡೆಯಿಂದ ದೂರ ಕರೆತಂದು ನಿಲ್ಲಿಸಿ.

ಬೆಳಕಿನ ಮಾತನ್ನು ಮಾತ್ರ ಮರೆಯಬಾರದು. ಎಫ್/5.6 ಒಳಗೆ ಬಿಡುವ ಬೆಳಕು ಎಫ್/1.8ರ ಹತ್ತನೇ ಒಂದು ಭಾಗ. ಸಂಜೆ ಆರೂವರೆಯ ಮೇಲೆ 250 ಮಿ.ಮೀ.ನ ಅಗ್ಗದ ಜೂಮ್ ಕೈಯಲ್ಲಿ ಹಿಡಿದು ಮುಖ ತೆಗೆಯುವುದು ಬಹಳ ಕಷ್ಟ. ಆ ಹೊತ್ತಿಗೆ 50 ಅಥವಾ 85ಕ್ಕೆ ಸಾಟಿಯಿಲ್ಲ.

ಜಾಗದ ಗುರುತು ಉಳಿಸುವುದು

ಹಿನ್ನೆಲೆಯನ್ನು ಪೂರ್ತಿ ಅಳಿಸಿಹಾಕುವುದು ಸುಲಭವಾದ ಕೆಲಸ. ಅಪರ್ಚರ್ ತೆರೆದರೆ ಆಯಿತು. ಹಾಗೆ ತೆಗೆದ ನೂರು ಮುಖಗಳನ್ನು ಸಾಲಾಗಿ ನೋಡಿ: ಕೆ.ಆರ್. ಮಾರುಕಟ್ಟೆಯ ಹೂವಾಡಗಿತ್ತಿಯೂ, ಮೈಸೂರಿನ ಟಾಂಗಾದವರೂ, ಯಾರದೋ ಮನೆಯ ಅಜ್ಜಿಯೂ ಒಂದೇ ಹಸಿರು-ಹಳದಿ ಮಬ್ಬಿನ ಮುಂದೆ ಕುಳಿತಿರುತ್ತಾರೆ. ಹೂವಾಡಗಿತ್ತಿಯ ಹಿಂದಿನ ಸೇವಂತಿಗೆ ರಾಶಿ, ಗೋಣಿಚೀಲ, ನೂಕುನುಗ್ಗಲು ಹೋದ ಮೇಲೆ ಆಕೆಯ ಬದುಕಿನ ಅರ್ಧ ಭಾಗ ಚಿತ್ರದಿಂದ ಹೋದಂತೆ. ನನಗೆ ಡೆಪ್ತ್ ಆಫ್ ಫೀಲ್ಡ್‌ನ ನಿಜವಾದ ಸೃಜನಶೀಲತೆ ಕಾಣುವುದು ನಡುವಿನ ಜಾಗದಲ್ಲಿ. ಹಿನ್ನೆಲೆ ಕಣ್ಣನ್ನು ಸೆಳೆಯಬಾರದು, ಆದರೆ ಇದು ಯಾವ ಊರು, ಯಾವ ಹೊತ್ತು ಎಂದು ತಿಳಿಯಬೇಕು.

ಈ ನಡುವಿನ ಮಸುಕನ್ನು ಅಂದಾಜಿಸಲು ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಹಂಪಿಯ ರಥಬೀದಿಯಲ್ಲಿ ಒಬ್ಬರನ್ನು ನಿಲ್ಲಿಸಿದ್ದೀರಿ, ಅವರ ಹಿಂದೆ 50 ಮೀಟರ್ ಆಚೆ ವಿರೂಪಾಕ್ಷ ದೇವಾಲಯದ ಗೋಪುರ. ಸೊಂಟದಿಂದ ಮೇಲಿನ ಭಾಗ ಚೌಕಟ್ಟಿನಲ್ಲಿದೆ, ಅಂದರೆ 1.2 ಮೀಟರ್ ಎತ್ತರದ ದೃಶ್ಯ. ಎಫ್/1.8ರಲ್ಲಿ ಗೋಪುರದ ಮೇಲಿನ ಪ್ರತಿ ಬಿಂದುವೂ ಸುಮಾರು 55 ಸೆಂ.ಮೀ. ಅಗಲಕ್ಕೆ ಹರಡಿಕೊಳ್ಳುತ್ತದೆ, ಎಫ್/4ರಲ್ಲಿ 25 ಸೆಂ.ಮೀ.ಗೆ, ಎಫ್/8ರಲ್ಲಿ 12 ಸೆಂ.ಮೀ.ಗೆ. ಗೋಪುರದ ಎತ್ತರ ಹತ್ತಿರ ಹತ್ತಿರ 50 ಮೀಟರ್. ಅದರ ಅಂತಸ್ತುಗಳು ಎಫ್/1.8ರಲ್ಲೂ ಗುರುತು ಸಿಗುತ್ತವೆ, ಮೇಲಿನ ಗಾರೆ ಬೊಂಬೆಗಳು ಮಾತ್ರ ಕರಗಿಹೋಗುತ್ತವೆ. ಎಫ್/4ರಲ್ಲಿ ಬೊಂಬೆಗಳಿವೆ ಎಂದು ಗೊತ್ತಾಗುತ್ತದೆ. ಎಫ್/8ಕ್ಕೆ ಹೋದರೆ ಗೋಪುರ ಮುಖದ ಜೊತೆ ಪೈಪೋಟಿಗೆ ಇಳಿಯುತ್ತದೆ. ಇಲ್ಲಿ ನನ್ನ ಆಯ್ಕೆ ಎಫ್/2.8ರಿಂದ ಎಫ್/4.

ಈ ಲೆಕ್ಕದಲ್ಲಿ ಲೆನ್ಸಿನ ಉದ್ದ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. 50ರಲ್ಲಾಗಲಿ 85ರಲ್ಲಾಗಲಿ, ಚೌಕಟ್ಟಿನಲ್ಲಿ ವ್ಯಕ್ತಿಯ ಗಾತ್ರ ಒಂದೇ ಇದ್ದರೆ, ಒಂದೇ ಎಫ್ ಸಂಖ್ಯೆಯಲ್ಲಿ ಗೋಪುರದ ಗುರುತು ಸಿಗುವುದು ಒಂದೇ ಪ್ರಮಾಣದಲ್ಲಿ. ಬದಲಾಗುವುದು ಗೋಪುರದ ಗಾತ್ರ. 85ರಲ್ಲಿ ಅದು ದೊಡ್ಡದಾಗಿ ಬೆನ್ನಿಗೆ ಬಂದು ನಿಲ್ಲುತ್ತದೆ, 50ರಲ್ಲಿ ಅದಕ್ಕಿಂತ ಚಿಕ್ಕದಾಗಿ ಕಂಡು, ಹೆಚ್ಚು ಭಾಗ ಚೌಕಟ್ಟಿನೊಳಗೆ ಹಿಡಿಸುತ್ತದೆ. ಆದ್ದರಿಂದ ಗುರುತು ಎಷ್ಟು ಉಳಿಯಬೇಕು ಎಂಬುದನ್ನು ಅಪರ್ಚರ್‌ನಿಂದ ನಿರ್ಧರಿಸಿ, ಹಿನ್ನೆಲೆ ಎಷ್ಟು ದೊಡ್ಡದಾಗಿ ಬರಬೇಕು ಎಂಬುದನ್ನು ಲೆನ್ಸಿನ ಉದ್ದದಿಂದ.

ಯಕ್ಷಗಾನಕ್ಕೆ 85, ಮದನಿಕೆಗೆ ಜೂಮ್

50 ಮತ್ತು 85ರ ನಡುವೆ ಒಂದನ್ನೇ ಆರಿಸಬೇಕೆಂದರೆ, ಪ್ರದರ್ಶನ ಕಲೆಗಳನ್ನು ತೆಗೆಯುವವರಿಗೆ ನಾನು 85 ಎಂದೇ ಹೇಳುತ್ತೇನೆ. ಯಕ್ಷಗಾನವನ್ನೇ ನೋಡಿ. ಮುಂದಿನ ಸಾಲಿನಿಂದ ವೇಷಧಾರಿ ನಾಲ್ಕು ಮೀಟರ್ ದೂರದಲ್ಲಿದ್ದರೆ 85 ಲೆನ್ಸ್ ಸೊಂಟದಿಂದ ಕಿರೀಟದವರೆಗೆ ಹಿಡಿಯುತ್ತದೆ. ಎಫ್/1.8ರಲ್ಲಿ ಸಿಗುವ ಆಳ 17 ಸೆಂ.ಮೀ. ಬಣ್ಣದ ವೇಷದ ಮುಖದ ಮೇಲೆ ಎದ್ದು ನಿಂತ ಚುಟ್ಟಿ (ಹಿಟ್ಟಿನಿಂದ ಇಟ್ಟ ಮುಳ್ಳಿನಂಥ ಚುಕ್ಕೆಗಳು), ಅದರ ಹಿಂದೆ ಕಿರೀಟ, ಪಕ್ಕಕ್ಕೆ ಚಾಚಿದ ಭುಜಕೀರ್ತಿ ಎಲ್ಲವೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಎಫ್/2.8ಕ್ಕೆ ಮುಚ್ಚಿದರೆ 26 ಸೆಂ.ಮೀ. ಸಿಗುತ್ತದೆ, ವೇಷ ಪೂರ್ತಿಯಾಗಿ ನಿಲ್ಲುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಹಿಂದೆ ಕುಳಿತ ಭಾಗವತರು. ಅವರು ವೇಷಧಾರಿಯಿಂದ ಮೂರು ಮೀಟರ್ ಹಿಂದೆ ಇದ್ದಾರೆ ಎಂದರೆ, ಎಫ್/1.8ರಲ್ಲಿ ಅವರ ಮುಖದ ಪ್ರತಿ ಬಿಂದು 35 ಮಿ.ಮೀ. ಹರಡಿ ಕಣ್ಣು ಬಾಯಿ ಒಂದಾಗಿಬಿಡುತ್ತವೆ. ಎಫ್/2.8ರಲ್ಲಿ 23 ಮಿ.ಮೀ., ಎಫ್/4ರಲ್ಲಿ 16 ಮಿ.ಮೀ. ಹಾಡುತ್ತಿರುವ ಬಾಯಿ, ಜಾಗಟೆ ಹಿಡಿದ ಕೈ, ಮದ್ದಳೆಯವರ ಬಾಗಿದ ತಲೆ ಮೆದುವಾಗಿ, ಆದರೆ ಸ್ಪಷ್ಟ ಗುರುತಿನೊಂದಿಗೆ ಉಳಿಯುತ್ತವೆ. ಹಿಮ್ಮೇಳವಿಲ್ಲದ ಯಕ್ಷಗಾನದ ಚಿತ್ರ ಅರ್ಧ ಚಿತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಫ್/1.8 ಲೆನ್ಸ್ ಕೊಂಡವರು ಅದನ್ನು ಸದಾ ಎಫ್/1.8ರಲ್ಲೇ ಇಡಬೇಕಿಲ್ಲ. ಎಫ್/2.8ಕ್ಕೆ ಮುಚ್ಚಿದಾಗ ಅದೇ ಲೆನ್ಸ್ ಇನ್ನಷ್ಟು ಹರಿತವಾಗಿರುತ್ತದೆ. ಸಾಮಾನ್ಯ ಕಿಟ್ ಜೂಮ್‌ಗೆ ಎಫ್/2.8 ತಲುಪುವ ದಾರಿಯೇ ಇಲ್ಲ, ಹಣ ಕೊಟ್ಟಿದ್ದು ಆ ಅವಕಾಶಕ್ಕಾಗಿ.

ಚೌಕಿಯೊಳಗೆ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗಕ್ಕೆ ಹೋದರೆ ಲೆಕ್ಕ ಬದಲಾಗುತ್ತದೆ. ಕನ್ನಡಿಯ ಮುಂದೆ ಬಣ್ಣ ಹಚ್ಚಿಕೊಳ್ಳುವವರ ಬಳಿ ಎರಡು ಮೀಟರ್ ಜಾಗವೂ ಇರುವುದಿಲ್ಲ, ಅಲ್ಲಿ 35 ಅಥವಾ 50. ಮುಖ ಮಾತ್ರ ತುಂಬುವಷ್ಟು ಹತ್ತಿರ ಹೋದರೆ ಎಫ್/1.8ರ ಆಳ ಎರಡು ಸೆಂ.ಮೀ.ಗಿಂತ ಕಡಿಮೆ. ಮುಖ ಸ್ವಲ್ಪ ಓರೆಯಾದರೂ ಒಂದು ಕಣ್ಣು ಸ್ಫುಟ, ಇನ್ನೊಂದು ಮಸುಕು. ಹತ್ತಿರದ ಕಣ್ಣಿಗೆ ಫೋಕಸ್ ಇಟ್ಟು ಎಫ್/2.8 ಬಳಸಿ.

ಬೇಲೂರಿನ ಮದನಿಕೆಯರ ಮುಂದೆ ಈ ಯಾವ ಲೆನ್ಸಿನ ದೊಡ್ಡಸ್ತಿಕೆಯೂ ನಡೆಯುವುದಿಲ್ಲ. ಶಿಲ್ಪದ ಬೆನ್ನಿಗೇ ಗೋಡೆ ಇರುವುದರಿಂದ ಹಿನ್ನೆಲೆ ಕರಗುವುದಿಲ್ಲ; ಅಪರ್ಚರ್ ತೆರೆದರೆ ಶಿಲ್ಪದ ಮೇಲಿನ ಬಳ್ಳಿ, ಆಭರಣಗಳೇ ಮಸುಕಾಗುತ್ತವೆ. ಅವು ಸೂರಿನಡಿ ಎತ್ತರದಲ್ಲಿರುವುದರಿಂದ 55-250 ಜೂಮ್ ಬೇಕೇ ಬೇಕು. 250ರಲ್ಲಿ ಐದು ಮೀಟರ್ ದೂರದಿಂದ ಎಫ್/8ಕ್ಕೆ ಸಿಗುವುದು 13 ಸೆಂ.ಮೀ., ಎಫ್/11ಕ್ಕೆ ಸುಮಾರು 18. ಅಂಥಲ್ಲಿ ಎಫ್/11 ಇಟ್ಟು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಿಸಿ, ಲೆನ್ಸಿನ ಕಂಪನ ತಡೆ ಚಾಲೂ ಮಾಡಿಕೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಶಿಲ್ಪವನ್ನು ಗೋಡೆಯಿಂದ ಬೇರ್ಪಡಿಸುವ ಕೆಲಸವನ್ನು ಅಲ್ಲಿ ಮಾಡುವುದು ಮಸುಕಲ್ಲ, ಪಕ್ಕದಿಂದ ಬೀಳುವ ಬಿಸಿಲು.

ರಂಗನತಿಟ್ಟಿನಂಥ ಕಡೆ 400 ಮಿ.ಮೀ. ಲೆನ್ಸಿನಲ್ಲಿ 15 ಮೀಟರ್ ದೂರದ ಹಕ್ಕಿಗೆ ಎಫ್/5.6ರಲ್ಲಿ ಸುಮಾರು 30 ಸೆಂ.ಮೀ. ಆಳ ಸಿಗುತ್ತದೆ. ಒಂದು ಹಕ್ಕಿಗೆ ಸಾಕು. ಗೂಡಿನಲ್ಲಿ ಜೋಡಿ ಇದ್ದರೆ ಎಫ್/8.

ಎಲ್ಲವೂ ಸ್ಫುಟವಾಗಿರಬೇಕಾದಾಗ

1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭಾಗದ ಕೆಲವು ಛಾಯಾಗ್ರಾಹಕರು, ಅವರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಕೂಡ ಇದ್ದರು, ತಮ್ಮ ಗುಂಪಿಗೆ 'ಎಫ್/64' ಎಂದು ಹೆಸರಿಟ್ಟುಕೊಂಡರು. ಮಂಜು ಮಂಜಾದ, ವರ್ಣಚಿತ್ರವನ್ನು ಅನುಕರಿಸುವ ಛಾಯಾಚಿತ್ರಗಳಿಗೆ ಎದುರಾಗಿ, ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಫುಟವಾಗಿರುವ ಚಿತ್ರ ಅವರದಾಗಿತ್ತು. ಅವರನ್ನು ಮೆಚ್ಚಿ ನಮ್ಮಲ್ಲೂ ಕೆಲವರು ಲೆನ್ಸನ್ನು ಎಫ್/22ಕ್ಕೆ ತಿರುಗಿಸುತ್ತಾರೆ. ಅಗತ್ಯವಿಲ್ಲ. 8×10 ಇಂಚಿನ ದೊಡ್ಡ ಫಿಲ್ಮ್ ಕ್ಯಾಮೆರಾದಲ್ಲಿ ಎಫ್/64 ಕೊಡುವ ಆಳ, ಅಷ್ಟೇ ಅಗಲದ ದೃಶ್ಯವಿದ್ದರೆ, ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್/5.6ಕ್ಕೇ ಸಿಕ್ಕಿಬಿಡುತ್ತದೆ. ಎಫ್/16 ದಾಟಿದ ಮೇಲೆ ಚಿಕ್ಕ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರದ ಹರಿತವೇ ಮಂಕಾಗುತ್ತದೆ.

ಮಾತಂಗ ಬೆಟ್ಟದ ಮೇಲಿಂದ ಹಂಪಿಯನ್ನು ತೆಗೆಯುವಾಗ ಕಿಟ್ ಲೆನ್ಸಿನ 18 ಮಿ.ಮೀ., ಎಫ್/8, ಎರಡು ಮೀಟರ್ ದೂರದ ಬಂಡೆಗೆ ಫೋಕಸ್. ಇಷ್ಟಾದರೆ ಒಂದು ಮೀಟರ್‌ನಿಂದ ದಿಗಂತದವರೆಗೆ ಸ್ಫುಟ. ಆದರೆ ಈ ಲೆಕ್ಕದ 'ಸ್ಫುಟ' ಸಾಧಾರಣ ಅಳತೆಯ ಮುದ್ರಣಕ್ಕೆ ಒಪ್ಪುವಂಥದ್ದು. ಗೋಡೆಯ ತುಂಬ ದೊಡ್ಡದಾಗಿ ಮುದ್ರಿಸುವ ಆಸೆ ಇದ್ದರೆ ಎಫ್/11ಕ್ಕೆ ಮುಚ್ಚಿ, ಫೋಕಸನ್ನು ಮೂರು ಮೀಟರ್‌ಗೆ ಸರಿಸಿ. ಇದಕ್ಕೆ ಹೊಸ ಲೆನ್ಸ್ ಬೇಡ, ಕಿಟ್ ಲೆನ್ಸೇ ಸಾಕು. ಮೊಬೈಲ್ ಕೂಡ ಇಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ: ಹಿನ್ನೆಲೆ ಕರಗಿಸಲು ಅಡ್ಡಿಯಾದ ಅದೇ ಪುಟ್ಟ ರಂಧ್ರ ಇಲ್ಲಿ ವರವಾಗುತ್ತದೆ.

ಮ್ಯಾಕ್ರೊದಲ್ಲಿ, ಅಂದರೆ ಪುಟ್ಟ ವಸ್ತುಗಳನ್ನು ಬಹಳ ಹತ್ತಿರದಿಂದ ತೆಗೆಯುವಾಗ ಮಾತ್ರ, ಎಷ್ಟು ಮುಚ್ಚಿದರೂ ಸಾಲದು. ಕೀಟವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸಿದಾಗ ಎಫ್/8ರಲ್ಲಿ ಸಿಗುವ ಆಳ 0.6 ಮಿ.ಮೀ., ಎಫ್/16ರಲ್ಲೂ 1.3 ಮಿ.ಮೀ.ಗಿಂತ ಹೆಚ್ಚಿಲ್ಲ. ಮೇಲಾಗಿ ಅಷ್ಟು ಹತ್ತಿರದಲ್ಲಿ ಲೆನ್ಸಿನ ಪರಿಣಾಮಕಾರಿ ಎಫ್ ಸಂಖ್ಯೆ ಇಮ್ಮಡಿಯಾಗುತ್ತದೆ, ಎಫ್/16 ಎಂದರೆ ಎಫ್/32ರ ಮಂಕು. ಇಲ್ಲಿ ಮೂರು ದಾರಿಗಳಿವೆ. ಒಂದು, ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್. ಮಳೆಗಾಲದ ಅಣಬೆಗೆ, ಬೆಳಗಿನ ಚಳಿಗೆ ಮರಗಟ್ಟಿ ಕುಳಿತ ಏರೋಪ್ಲೇನ್ ಚಿಟ್ಟೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಗಾಳಿ ಬೀಸಿದರೆ ಪ್ರಯತ್ನ ವ್ಯರ್ಥ. ಎರಡು, ಫ್ಲಾಷ್ ಹಾಕಿ ಎಫ್/11ರಲ್ಲಿ ಒಂದೇ ಚಿತ್ರ, ಓಡಾಡುವ ಕೀಟಗಳಿಗೆ. ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು, ಖರ್ಚಿಲ್ಲದ್ದು: ಸೆನ್ಸರನ್ನು ವಸ್ತುವಿಗೆ ಸಮಾನಾಂತರವಾಗಿ ಹಿಡಿಯುವುದು. ರೆಕ್ಕೆ ಮಡಿಚಿ ಕುಳಿತ ಚಿಟ್ಟೆಯನ್ನು ನೇರ ಪಕ್ಕದಿಂದ ತೆಗೆದರೆ ರೆಕ್ಕೆಯ ಒಂದೊಂದು ಹುರುಪೆಯೂ ಆ ತೆಳುವಾದ ಪದರದೊಳಗೇ ಬರುತ್ತದೆ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಹರಡಿ ಎಲೆಯ ಮೇಲೆ ಕುಳಿತಾಗ ನೇರ ಮೇಲಿಂದ ಹಿಡಿದರೂ ಹೀಗೆಯೇ. ಅದು ದೊಡ್ಡ ಚಿಟ್ಟೆಯಾದ್ದರಿಂದ ಮ್ಯಾಕ್ರೊ ಲೆನ್ಸೂ ಬೇಕಾಗದು, 250 ಮಿ.ಮೀ. ಸಾಕು.

ಮೊಬೈಲಿನ ಪೋರ್ಟ್ರೇಟ್ ಮೋಡ್

2016ರಲ್ಲಿ ಐಫೋನ್ 7 ಪ್ಲಸ್‌ನಲ್ಲಿ ಬಂದ ಮೇಲೆ ಪೋರ್ಟ್ರೇಟ್ ಮೋಡ್ ಎಲ್ಲ ಮೊಬೈಲ್‌ಗಳಿಗೂ ಹರಡಿತು. ದೃಶ್ಯದ ಯಾವ ಭಾಗ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸಿ, ದೂರದ್ದಕ್ಕೆ ಮಸುಕನ್ನು ಲೆಕ್ಕ ಹಾಕಿ ಬಳಿಯುವ ತಂತ್ರ ಅದು. ಚಿತ್ರ ತೆಗೆದ ಮೇಲೂ ಮಸುಕನ್ನು ಹೆಚ್ಚು ಕಡಿಮೆ ಮಾಡುವ ಅನುಕೂಲ ಹಲವು ಮೊಬೈಲ್‌ಗಳಲ್ಲಿದೆ, ಇದು ಯಾವ ಲೆನ್ಸಿಗೂ ಇಲ್ಲದ ಭಾಗ್ಯ. ಎಫ್/1.8ರಿಂದ ಎಫ್/8ರವರೆಗೆ ಹಿನ್ನೆಲೆ ಹೇಗೆ ಬದಲಾಗುತ್ತದೆಂದು ಕಲಿಯಲು ಈ ಸೌಲಭ್ಯವನ್ನೇ ಬಳಸಿಕೊಳ್ಳಿ.

ಅದು ಸೋಲುವುದು ಅಂಚುಗಳಲ್ಲಿ. ಹಾರುವ ಕೂದಲು, ಕನ್ನಡಕದ ಗಾಜು, ಜಡೆಯಿಂದ ಇಳಿಬಿದ್ದ ಮಲ್ಲಿಗೆ ದಂಡೆ, ಜರಿ ಸೆರಗಿನ ಕುಚ್ಚು ಇವುಗಳ ಸುತ್ತ ಕತ್ತರಿಸಿ ಅಂಟಿಸಿದ ಗೆರೆ ಕಾಣುತ್ತದೆ. ಮದುಮಗಳ ಚಿತ್ರದಲ್ಲಿ ಇವೆಲ್ಲವೂ ಒಟ್ಟಿಗೇ ಇರುತ್ತವೆ! ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಅಡ್ಡಿಯಿಲ್ಲ, ಆಲ್ಬಮ್ಮಿನಲ್ಲಿ ಮುದ್ರಿಸಲು ಲೆನ್ಸೇ ಬೇಕು. ಮೊಬೈಲೇ ಗತಿ ಎಂದಾದರೆ ಟೆಲಿಫೋಟೊ (ದೂರದ್ದನ್ನು ಹತ್ತಿರ ತೋರಿಸುವ) ಲೆನ್ಸ್ ಇರುವ ಮೊಬೈಲಿನಲ್ಲಿ ಅದನ್ನೇ ಆರಿಸಿ, ಮಸುಕನ್ನು ಅರ್ಧಕ್ಕೆ ಇಳಿಸಿ. ಅಂಚಿನ ದೋಷಗಳು ಬಹುಪಾಲು ಮರೆಯಾಗುತ್ತವೆ.

ಕೊಳ್ಳುವ ಮುನ್ನ

50 ಎಫ್/1.8 ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಕೆನಾನ್‌ನಲ್ಲಾದರೆ 2015ರಲ್ಲಿ ಬಂದ ಎಸ್‌ಟಿಎಂ ಮಾದರಿಯನ್ನು ಹುಡುಕಿ. ಅದರಲ್ಲಿ ಏಳು ಅಪರ್ಚರ್ ಅಲಗುಗಳಿವೆ. ಹಿಂದಿನ ಮಾದರಿಯಲ್ಲಿದ್ದುದು ಐದು, ಸ್ವಲ್ಪ ಮುಚ್ಚಿದರೆ ಸಾಕು, ದೀಪಗಳು ಪಂಚಕೋನಗಳಾಗುತ್ತವೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ, ಅದು ಫಂಗಸ್. ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸಾದರೆ ಇನ್ನೂ ಎಚ್ಚರ ವಹಿಸಿ. ಆಮೇಲೆ ನಿಮ್ಮ ಕ್ಯಾಮೆರಾಗೆ ಹಾಕಿ, ಎಫ್/1.8ರಲ್ಲಿ ಓರೆಯಾಗಿ ಇಟ್ಟ ದಿನಪತ್ರಿಕೆಯ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಫೋಕಸ್ ಮಾಡಿದ ಸಾಲೇ ಸ್ಫುಟವಾಗಿ ಬಂದಿದ್ದರೆ ಸರಿ. ಅದರ ಮುಂದಿನ ಅಥವಾ ಹಿಂದಿನ ಸಾಲು ಸ್ಫುಟವಾಗಿದ್ದು, ಮತ್ತೆ ಮತ್ತೆ ತೆಗೆದರೂ ಹಾಗೆಯೇ ಬಂದರೆ ಬೇರೆ ಲೆನ್ಸ್ ನೋಡಿ.